‘ಸ್ಕೇರ್ಸಿಟಿ’ ಎಂಬ ಪದದ ಅರ್ಥ ಮತ್ತು ಬಳಕೆ: ಗೋಕಾಕ ಸೀಮೆಯ ಬರಗಾಲಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಪೀಠಿಕೆ

ಮುಂಬಯಿ ಕರ್ನಾಟಕದ ಆಡಳಿತ ದಾಖಲೆಗಳನ್ನು ಅಭ್ಯಾಸ ಮಾಡುವವರಿಗೆ ಪದೇ ಪದೇ ಎದುರಾಗುವ ಇಂಗ್ಲಿಷ್ ಪದಗಳಲ್ಲಿ ‘ಸ್ಕೇರ್ಸಿಟಿ’ ಎಂಬುದು ಒಂದು. ಕೊರತೆ, ಅಭಾವ, ಸಾಲದಿರುವಿಕೆ ಎಂದು ಅದರ ಅರ್ಥವನ್ನು ಕನ್ನಡದಲ್ಲಿ ಹೇಳುವುದು ವಾಡಿಕೆ. ಆದರೆ ಸುಮಾರು ಒಂದೂವರೆ ಶತಮಾನದ ಅವಧಿಯಲ್ಲಿ ಈ ಪದವು ನಿಘಂಟಿನ ಅರ್ಥವನ್ನು ಮೀರಿ ಒಂದು ಆಡಳಿತಾತ್ಮಕ ದರ್ಜೆಯಾಗಿ ಬೆಳೆಯಿತು. ಒಂದು ಪ್ರದೇಶದ ಸ್ಥಿತಿಯನ್ನು ‘ಫ್ಯಾಮಿನ್’ ಎಂದು ಕರೆದರೆ ಸರಕಾರದ ಹೊಣೆ ಒಂದು ಬಗೆಯದು. ‘ಸ್ಕೇರ್ಸಿಟಿ’ ಎಂದು ಕರೆದರೆ ಮತ್ತೊಂದು ಬಗೆಯದು. ಕಂದಾಯದ ವಸೂಲಿ, ತಗಾವಿ ಸಾಲ, ಪರಿಹಾರ ಕಾಮಗಾರಿ, ಕೂಲಿಯ ಪ್ರಮಾಣ ಇವೆಲ್ಲವೂ ಹೆಸರಿನ ಆಯ್ಕೆಯೊಡನೆ ಹೊಂದಿಕೊಂಡಿದ್ದವು. ಆದ್ದರಿಂದ ಇದು ಕೇವಲ ಭಾಷಾಶಾಸ್ತ್ರದ ಪ್ರಶ್ನೆಯಲ್ಲ. ಒಕ್ಕಲಿಗನ ಅನ್ನದೊಡನೆ ನೇರ ಸಂಬಂಧವಿರುವ ಇತಿಹಾಸದ ಪ್ರಶ್ನೆ.

ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಹಾಗೂ ಇತ್ತೀಚಿನ ವರ್ಷಗಳಲ್ಲಿ ಗೋಕಾಕದಿಂದ ಬೇರ್ಪಟ್ಟು ಸ್ವತಂತ್ರ ತಾಲೂಕಾದ ಮೂಡಲಗಿ, ಈ ಮೂರನ್ನು ಒಳಗೊಂಡ ಘಟಪ್ರಭಾ ಬಯಲನ್ನು ಮುಂದಿಟ್ಟುಕೊಂಡು ಈ ಪದದ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಸ್ಥಳೀಯ ಸಂಗತಿಗಳು ಸಾಲದೆಡೆಯಲ್ಲಿ ಮುಂಬಯಿ ಪ್ರಾಂತದ ಹಾಗೂ ದೇಶದ ಸಂದರ್ಭವನ್ನು ಬಳಸಿಕೊಳ್ಳಲಾಗಿದೆ.

ಪದಗಳ ಮೂಲ ಮತ್ತು ಅರ್ಥವ್ಯಾಪ್ತಿ

ಇಂಗ್ಲಿಷಿನಲ್ಲಿ ಬರಗಾಲಕ್ಕೆ ಸಂಬಂಧಿಸಿದ ಪದಗಳು ಒಂದೇ ಮೂಲದವಲ್ಲ. ‘ಫ್ಯಾಮಿನ್’ ಎಂಬುದು ಹಸಿವು ಎಂಬ ಅರ್ಥದ ಲ್ಯಾಟಿನ್ ‘ಫಾಮೆಸ್’ ಪದದಿಂದ ಬಂದುದು. ‘ಡರ್ತ್’ ಎಂಬುದು ಬೆಲೆಯೇರಿಕೆಯನ್ನು ಸೂಚಿಸುವ ‘ಡಿಯರ್’ ಪದಕ್ಕೆ ಸಂಬಂಧಿಸಿದೆ. ಉತ್ತರ ಕರ್ನಾಟಕದ ‘ತುಟ್ಟಿ’ ಎಂಬ ಮಾತು ಈ ಅರ್ಥಕ್ಕೆ ತೀರ ಹತ್ತಿರದ್ದು. ‘ಸ್ಕೇರ್ಸಿಟಿ’ ಎಂಬುದು ಹಳೆಯ ಫ್ರೆಂಚಿನ ಮೂಲಕ ಬಂದಿದ್ದು, ಅದರ ಹಿಂದೆ ‘ಆರಿಸಿ ತೆಗೆದ’, ‘ಕಿತ್ತು ತೆಗೆದ’ ಎಂಬ ಅರ್ಥದ ಲ್ಯಾಟಿನ್ ರೂಪವಿದೆ. ಮೊದಲನೆಯದು ಮನುಷ್ಯನ ಹೊಟ್ಟೆಯನ್ನು ಕುರಿತು ಹೇಳುತ್ತದೆ, ಎರಡನೆಯದು ಪೇಟೆಯ ದರವನ್ನು ಕುರಿತು ಹೇಳುತ್ತದೆ, ಮೂರನೆಯದು ವಸ್ತುವಿನ ಪ್ರಮಾಣವನ್ನು ಕುರಿತು ಹೇಳುತ್ತದೆ ಎಂಬ ಭೇದವು ಇಲ್ಲಿ ಗಮನಾರ್ಹವಾಗಿದೆ.

ಕನ್ನಡದ ಪದಗಳು ಬೇರೊಂದು ರೀತಿಯಲ್ಲಿ ರೂಪುಗೊಂಡಿವೆ. ‘ಬರ’ ಎಂಬುದು ಹಳಗನ್ನಡದಲ್ಲಿ ಶಕಟರೇಫಯುಕ್ತವಾದ ‘ಬಱ’. ಒಣಗು ಎಂಬ ಅರ್ಥದ ದ್ರಾವಿಡ ಧಾತುವಿನಿಂದ ಇದು ಬಂದಿದ್ದು, ‘ಬರಡು’ ಎಂಬ ಪದವೂ ಅದೇ ಬಳಗದ್ದು. ತಮಿಳಿನಲ್ಲಿ ಇದೇ ಧಾತುವಿನಿಂದ ಒಣಗುವಿಕೆಯನ್ನು ಸೂಚಿಸುವ ‘ವಱಟ್ಚಿ’ಯೂ ಬಡತನವನ್ನು ಸೂಚಿಸುವ ‘ವಱುಮೈ’ಯೂ ಹುಟ್ಟಿವೆ. ಅಂದರೆ ನೆಲ ಒಣಗುವುದು ಮತ್ತು ಬಾಳು ಬಡವಾಗುವುದು ಒಂದೇ ಬೇರಿನ ಎರಡು ಕವಲುಗಳೆಂದು ಈ ಭಾಷೆಗಳು ಭಾವಿಸಿವೆ. ಸಂಸ್ಕೃತದಿಂದ ಬಂದ ‘ಕ್ಷಾಮ’ಕ್ಕೆ ಸೊರಗಿದ, ಕೃಶವಾದ ಎಂಬುದು ಮೂಲಾರ್ಥ. ‘ದುರ್ಭಿಕ್ಷ’ವೆಂದರೆ ಭಿಕ್ಷೆ ದೊರಕುವುದು ಕಷ್ಟವಾದ ಕಾಲ; ಅದರ ವಿರುದ್ಧಪದ ‘ಸುಭಿಕ್ಷ’. ಕಾಲದ ಒಳಿತು ಕೆಡಕುಗಳನ್ನು ಕಣಜದಲ್ಲಿರುವ ಧಾನ್ಯದಿಂದ ಅಳೆಯದೆ, ಬೇಡಿ ಬಂದವನ ಕೈಗೆ ಏನು ದೊರೆಯಿತು ಎಂಬುದರಿಂದ ಅಳೆಯುವ ದೃಷ್ಟಿ ಈ ಪದದಲ್ಲಿದೆ.

ವ್ಯಾಕರಣದ ಒಂದು ಅಂಶವನ್ನೂ ಇಲ್ಲಿ ಹೇಳಬೇಕು. ಇಂಗ್ಲಿಷಿನ ‘ಸ್ಕೇರ್ಸಿಟಿ’ಯು ಯಾವುದರ ಕೊರತೆ ಎಂಬ ಪ್ರಶ್ನೆಯನ್ನು ಬೇಡುತ್ತದೆ: ಧಾನ್ಯದ ಕೊರತೆ, ನೀರಿನ ಕೊರತೆ, ಮೇವಿನ ಕೊರತೆ. ಕನ್ನಡದ ‘ಸಾಲದು’ ಎಂಬ ಕ್ರಿಯಾಪದವಾದರೋ ಚತುರ್ಥೀ ವಿಭಕ್ತಿಯನ್ನು ಬೇಡುತ್ತದೆ: ಯಾರಿಗೆ ಸಾಲದು? ‘ಬರ’ವೂ ಹಾಗೆಯೇ ಊರಿಗೆ ಬರುತ್ತದೆ, ನಾಡಿಗೆ ಬೀಳುತ್ತದೆ. ಯಾವುದರ ಕೊರತೆ ಎಂಬ ಪ್ರಶ್ನೆಗೂ ಯಾರಿಗೆ ಸಾಲದು ಎಂಬ ಪ್ರಶ್ನೆಗೂ ಇರುವ ಅಂತರವೇ ಮುಂದಿನ ಚರ್ಚೆಯ ಆಧಾರ.

ಸೀಮೆಯ ಸ್ವರೂಪ

ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭೆಯು ಹುಕ್ಕೇರಿ ಮತ್ತು ಗೋಕಾಕ ತಾಲೂಕುಗಳನ್ನು ಹಾಯ್ದು, ಗೋಕಾಕದ ಸಮೀಪ ಸುಮಾರು 52 ಮೀಟರು ಎತ್ತರದಿಂದ ಧುಮುಕಿ, ಪೂರ್ವದ ಎರೆಭೂಮಿಯತ್ತ ಸಾಗಿ ಕೃಷ್ಣೆಯನ್ನು ಸೇರುತ್ತದೆ. ನದಿಯ ಉಗಮದ ಕಡೆ ಮಳೆ ವಿಪುಲ. ಪೂರ್ವಕ್ಕೆ ಬಂದಂತೆ ಮಳೆ ವೇಗವಾಗಿ ಕ್ಷೀಣಿಸಿ, ಗೋಕಾಕ ಮತ್ತು ಮೂಡಲಗಿಯ ಮೂಡಣ ಭಾಗವು ಮಳೆನೆರಳಿನ ಬಯಲಾಗುತ್ತದೆ. ನದಿ ತುಂಬಿ ಹರಿಯುತ್ತಿರುವಾಗಲೇ ಅದರ ದಂಡೆಯಿಂದ ದೂರದ ಹೊಲ ಒಣಗಿರುವುದು ಈ ಸೀಮೆಯಲ್ಲಿ ಅಪರೂಪದ ಸಂಗತಿಯೇನಲ್ಲ. ಆದ್ದರಿಂದ ಜಿಲ್ಲೆಯ ಸರಾಸರಿ ಮಳೆಯ ಅಂಕಿಯು ಇಲ್ಲಿಯ ಸ್ಥಿತಿಯನ್ನು ಹೇಳುವುದಕ್ಕಿಂತ ಮರೆಮಾಚುವುದೇ ಹೆಚ್ಚು.

ಹಳೆಯ ಕಾಲದ ಒಕ್ಕಲುತನವು ಈ ಅನಿಶ್ಚಿತತೆಯನ್ನು ತಿಳಿದೇ ರೂಪುಗೊಂಡಿತ್ತು. ಮುಂಗಾರಿಯ ಸಜ್ಜೆ ಹೋದರೆ ಹಿಂಗಾರಿಯ ಬಿಳಿಜೋಳ ಉಳಿಯಬಹುದೆಂಬ ಲೆಕ್ಕಾಚಾರ, ಎರೆ ಮತ್ತು ಮಸಾರಿ ಎರಡೂ ಬಗೆಯ ಭೂಮಿಯನ್ನು ಇಟ್ಟುಕೊಳ್ಳುವ ಜಾಣತನ, ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಕಾಯ್ದಿಡುವ ಪದ್ಧತಿ ಇವೆಲ್ಲ ಅದರ ಅಂಗಗಳು. ಹಗೇವು ತುಂಬಿದ್ದ ಮನೆಗೂ ಬರಿದಾಗಿದ್ದ ಮನೆಗೂ ಒಂದೇ ಮಳೆಗಾಲ ಎರಡು ಬೇರೆ ಬೇರೆ ಕಾಲಗಳಾಗಿ ಪರಿಣಮಿಸುತ್ತಿದ್ದವು. ಕೂಲಿಯಿಂದ ಬದುಕುವವರು, ನೇಕಾರರು, ಊರಿನ ಆಯಗಾರರು ಮೊದಲು ಸಂಕಟಕ್ಕೆ ಸಿಲುಕುತ್ತಿದ್ದರು.

1791–92ರಲ್ಲಿ ದಖನ್ನಿನ ಬಹುಭಾಗವನ್ನು ವ್ಯಾಪಿಸಿದ ಕ್ಷಾಮವನ್ನು ಜನರು ‘ಡೋಗಿ ಬರ’, ಅಂದರೆ ತಲೆಬುರುಡೆಯ ಬರ, ಎಂದು ಕರೆದರು. ಸುಡುವವರೂ ಹೂಳುವವರೂ ಇಲ್ಲದೆ ಬಯಲಿನಲ್ಲಿ ಬಿದ್ದ ಬುರುಡೆಗಳಿಂದ ಆ ಹೆಸರು. 1876–78ರ ಕ್ಷಾಮವು ಕನ್ನಡ ನಾಡಿನಲ್ಲಿ ಸಂವತ್ಸರಗಳ ಹೆಸರಿನಿಂದ ‘ಧಾತು–ಈಶ್ವರ ಬರ’ವೆಂದು ನೆನಪಿನಲ್ಲಿ ಉಳಿದಿದೆ. ಜನರು ಬರಗಳಿಗೆ ಹೆಸರಿಟ್ಟರು. ದರ್ಜೆಗಳನ್ನು ಕೊಟ್ಟದ್ದು ಸರಕಾರ.

1876–78: ‘ಸಾಕಾಗುವಷ್ಟು’ ಎಂಬುದರ ವಿವಾದ

1876ರ ಮಳೆಗಾಲ ವಿಫಲವಾದಾಗ ಮುಂಬಯಿ ಪ್ರಾಂತದ ದಖನ್ ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ ಮತ್ತು ಕಲಾದಗಿ ಜಿಲ್ಲೆಗಳೂ ಕ್ಷಾಮಕ್ಕೆ ಒಳಗಾದವು. ಕನ್ನಡ ಜಿಲ್ಲೆಗಳಲ್ಲಿ ಅತ್ಯಂತ ಹೆಚ್ಚು ಪೆಟ್ಟು ತಿಂದದ್ದು ಗೋಕಾಕಕ್ಕೆ ಪೂರ್ವದಲ್ಲಿರುವ ಕಲಾದಗಿ, ಅಂದರೆ ಮುಂದಿನ ಬಿಜಾಪುರ ಜಿಲ್ಲೆ. ಪರಿಹಾರವನ್ನು ಮುಖ್ಯವಾಗಿ ಕಾಮಗಾರಿಗಳ ಮೂಲಕ ಕೊಡಲಾಯಿತು. ಕೆರೆ ತೋಡುವುದು, ರಸ್ತೆ ಹಾಕುವುದು, ಕಲ್ಲು ಒಡೆಯುವುದು ಮುಂತಾದ ಕೆಲಸಗಳಿಗೆ ಜನರನ್ನು ಹಚ್ಚಿ ಕೂಲಿ ಕೊಡುವುದು ಅದರ ಕ್ರಮ.

1877ರ ಜನವರಿಯಲ್ಲಿ ವೈಸ್‌ರಾಯ್ ಲಿಟನ್ನನ ಪ್ರತಿನಿಧಿಯಾಗಿ ಸರ್ ರಿಚರ್ಡ್ ಟೆಂಪಲ್ ಕ್ಷಾಮಪೀಡಿತ ಪ್ರದೇಶಗಳಿಗೆ ಬಂದನು. 1873–74ರ ಬಿಹಾರದ ಕ್ಷಾಮದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಸಾವುಗಳನ್ನು ಬಹುಮಟ್ಟಿಗೆ ತಡೆದಿದ್ದವನು ಇವನೇ. ಆಗ ದುಂದುಗಾರನೆಂಬ ನಿಂದೆಗೆ ಗುರಿಯಾಗಿದ್ದ ಈತನು ಈ ಬಾರಿ ಮಿತವ್ಯಯದ ಪರವಾಗಿ ನಿಂತನು. ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ, ಧಾನ್ಯದ ಬೆಲೆ ಮತ್ತು ಅದರ ಮೇಲೆ ಅರ್ಧ ಆಣೆ ಸಾಕೆಂದು ಅವನು ನಿಗದಿ ಮಾಡಿದನು. ಇದೇ ‘ಟೆಂಪಲ್ ಕೂಲಿ’ ಎಂದು ಪ್ರಸಿದ್ಧವಾಯಿತು. ಮದರಾಸು ಪ್ರಾಂತದ ಆರೋಗ್ಯಾಧಿಕಾರಿ ಡಬ್ಲ್ಯೂ. ಆರ್. ಕಾರ್ನಿಶ್ ಇದನ್ನು ತೀವ್ರವಾಗಿ ವಿರೋಧಿಸಿದನು. ದೇಹಶ್ರಮ ಮಾಡುವವನಿಗೆ ಕನಿಷ್ಠ ಒಂದೂವರೆ ಪೌಂಡು ಧಾನ್ಯವೂ ಬೇಳೆಯೂ ಬೇಕೆಂಬುದು ಅವನ ವಾದ. ಕಾರಾಗೃಹಗಳಲ್ಲಿ ಕೈದಿಗಳಿಗೆ ಕೊಡುವ ಆಹಾರಕ್ಕಿಂತಲೂ ಈ ಪ್ರಮಾಣ ಕಡಿಮೆಯೆಂದು ಅವನು ತೋರಿಸಿದನು. ಮುಂಬಯಿ ಪ್ರಾಂತದಲ್ಲಿ ಕೂಲಿ ಕಡಿತಗೊಂಡಾಗ ಸಾವಿರಾರು ಜನ ಕೆಲಸವನ್ನು ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆಯು ಸರಕಾರಕ್ಕೆ ಮನವಿಗಳನ್ನು ಸಲ್ಲಿಸಿ ಈ ಕಡಿತವನ್ನು ಖಂಡಿಸಿತು. 1877ರ ಏಪ್ರಿಲ್ ಕೊನೆಯಲ್ಲಿ ಟೆಂಪಲ್ಲನು ಮುಂಬಯಿ ಪ್ರಾಂತದ ಗವರ್ನರನಾದನು.

ಈ ವಿವಾದದಲ್ಲಿ ಎರಡೂ ಪಕ್ಷಗಳು ಬಳಸಿದ ಮುಖ್ಯ ಪದ ‘ಸಾಕಾಗುವಷ್ಟು’ ಎಂಬುದೇ. ಆದರೆ ಒಂದು ಪಕ್ಷಕ್ಕೆ ಅದು ಸರಕಾರಿ ಬೊಕ್ಕಸದ ದೃಷ್ಟಿಯಿಂದ ಸಾಕಾಗುವ ಪ್ರಮಾಣ. ಇನ್ನೊಂದು ಪಕ್ಷಕ್ಕೆ ದುಡಿಯುವ ದೇಹಕ್ಕೆ ಸಾಕಾಗುವ ಪ್ರಮಾಣ. ಯಾರಿಗೆ ಎಂಬ ಚತುರ್ಥಿಯನ್ನು ಬಿಟ್ಟು ಸಾಕು, ಸಾಲದು ಎಂಬ ಮಾತಿಗೆ ಅರ್ಥವೇ ಇಲ್ಲವೆಂಬುದನ್ನು ಈ ಪ್ರಸಂಗವು ಸ್ಪಷ್ಟಪಡಿಸುತ್ತದೆ.

ಪರಿಣಾಮವನ್ನು ಜನಗಣತಿಗಳಿಂದ ಊಹಿಸಬಹುದು. 1872ರಲ್ಲಿ ಸುಮಾರು 8.16 ಲಕ್ಷವಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6.38 ಲಕ್ಷಕ್ಕೆ ಇಳಿಯಿತು. ಬೆಳಗಾವಿ ಜಿಲ್ಲೆಯಲ್ಲಿ 9.4 ಲಕ್ಷದ ಆಸುಪಾಸಿನಲ್ಲಿದ್ದ ಜನಸಂಖ್ಯೆ 8.6 ಲಕ್ಷದ ಆಸುಪಾಸಿಗೆ ಬಂದಿತು. ಈ ಇಳಿಕೆಯೆಲ್ಲವೂ ಸಾವೇ ಎಂದು ಹೇಳಲಾಗದು. ಗುಳೆ ಹೋದವರು, ಜನನಗಳಲ್ಲಾದ ಇಳಿಮುಖ, ಕ್ಷಾಮದ ಬೆನ್ನಿಗೆ ಬಂದ ರೋಗಗಳು ಇವೆಲ್ಲವೂ ಇದರಲ್ಲಿ ಸೇರಿವೆ. ಆದರೂ ಸಾಮಾನ್ಯವಾಗಿ ಹೆಚ್ಚಬೇಕಾಗಿದ್ದ ಜನಸಂಖ್ಯೆ ಒಂಬತ್ತು ವರ್ಷಗಳಲ್ಲಿ ಕುಗ್ಗಿದ್ದು, ಕ್ಷಾಮದ ಆಘಾತವನ್ನು ಯಾವ ಆಡಳಿತ ವರದಿಗಿಂತಲೂ ನಿಷ್ಠುರವಾಗಿ ಹೇಳುತ್ತದೆ.

ಕ್ಷಾಮ ಸಂಹಿತೆಗಳು: ಪದವು ದರ್ಜೆಯಾದ ಬಗೆ

ಈ ಮಹಾಕ್ಷಾಮದ ಬಳಿಕ ಸರ್ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗವು 1880ರಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಅದರ ಆಧಾರದ ಮೇಲೆ 1883ರಲ್ಲಿ ಭಾರತ ಸರಕಾರವು ತಾತ್ಕಾಲಿಕ ಕ್ಷಾಮ ಸಂಹಿತೆಯನ್ನು ಹೊರಡಿಸಿತು. ಪ್ರಾಂತಗಳು ತಮ್ಮ ತಮ್ಮ ಸಂಹಿತೆಗಳನ್ನು ರಚಿಸಿಕೊಂಡವು. ಮಳೆ, ಬೆಲೆ, ಅಲೆದಾಟ, ಅಪರಾಧ ಇವುಗಳ ಮೇಲೆ ಕಣ್ಣಿಡುವುದು, ಅನುಮಾನ ಬಂದೆಡೆ ಪರೀಕ್ಷಾ ಕಾಮಗಾರಿಗಳನ್ನು ತೆರೆಯುವುದು, ಕಡಿಮೆ ಕೂಲಿಗೂ ಜನ ಮುಗಿಬಿದ್ದರೆ ಪರಿಸ್ಥಿತಿ ಗಂಭೀರವೆಂದು ತಿಳಿದು ಕ್ಷಾಮವನ್ನು ಸಾರುವುದು, ದುಡಿಯಲಾರದವರಿಗೆ ಉಚಿತ ನೆರವು ಕೊಡುವುದು ಇವು ಅದರ ಹಂತಗಳು. ಈ ಏಣಿಯಲ್ಲಿ ‘ಸ್ಕೇರ್ಸಿಟಿ’ಯು ಕೆಳಗಿನ ಮೆಟ್ಟಿಲು, ‘ಫ್ಯಾಮಿನ್’ ಮೇಲಿನ ಮೆಟ್ಟಿಲು.

ಈ ವ್ಯವಸ್ಥೆಯಿಂದಾದ ಪ್ರಯೋಜನವನ್ನು ಅಲ್ಲಗಳೆಯುವಂತಿಲ್ಲ. ಜನ ಸಾಯತೊಡಗುವವರೆಗೆ ಕಾಯದೆ, ಕೊರತೆಯ ಹಂತದಲ್ಲಿಯೇ ಎಚ್ಚತ್ತು ಕೆಲಸ ಪ್ರಾರಂಭಿಸಬೇಕೆಂಬ ತತ್ತ್ವವು ಇದರಲ್ಲಿತ್ತು. 1883ರ ಭೂ ಸುಧಾರಣಾ ಸಾಲಗಳ ಕಾಯಿದೆ ಹಾಗೂ 1884ರ ಕೃಷಿಕರ ಸಾಲಗಳ ಕಾಯಿದೆಗಳಿಂದ ತಗಾವಿಗೆ ಭದ್ರವಾದ ತಳಹದಿ ದೊರೆಯಿತು. 1901ರ ಮ್ಯಾಕ್‌ಡೊನೆಲ್ ಆಯೋಗವು ಒಕ್ಕಲಿಗನು ಧೈರ್ಯಗೆಡುವ ಮೊದಲೇ ಸಾಲ ಮತ್ತು ಕಂದಾಯ ಮುಂದೂಡಿಕೆಯ ಭರವಸೆ ಕೊಡಬೇಕೆಂದು ಹೇಳಿತು. ಕೊರತೆಯ ಪ್ರದೇಶಗಳಿಗೆ ಧಾನ್ಯ ಸಾಗಿಸಲು ಹಾಕಿದ ಕ್ಷಾಮ ಮಾರ್ಗಗಳಲ್ಲಿ 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆಯೂ ಸೇರುತ್ತದೆ. ಗೋಕಾಕ ರೋಡ್ ಮತ್ತು ಘಟಪ್ರಭಾ ನಿಲ್ದಾಣಗಳು ಈ ರೈಲ್ವೆಯ ಮಾರ್ಗದಲ್ಲಿಯೇ ಹುಟ್ಟಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿ ಎಡದಂಡೆಯ ಕಾಲುವೆಯನ್ನು ತೆಗೆದದ್ದೂ ಈ ಕಾಲದ ಕಾರ್ಯವೇ. ಅದೇ ನೀರಿನ ಶಕ್ತಿಯನ್ನು ಬಳಸುವ ಉದ್ದೇಶದಿಂದ 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹುಟ್ಟಿ ನೂಲಿನ ಗಿರಣಿ ಸ್ಥಾಪನೆಯಾಯಿತು. ಹೀಗೆ ಕೊರತೆಯ ಕುರಿತ ಚಿಂತನೆಯು ಈ ಸೀಮೆಯ ಭೂಚಿತ್ರವನ್ನೇ ಬದಲಿಸಿತು.

ಆದರೆ ಏಣಿಗೆ ಇನ್ನೊಂದು ಮುಖವೂ ಇತ್ತು. ಕೆಳಗಿನ ಮೆಟ್ಟಿಲೊಂದು ಲಭ್ಯವಿದ್ದುದರಿಂದ ಮೇಲಿನ ಮೆಟ್ಟಿಲನ್ನು ಏರದೆ ಉಳಿಯುವ ಅವಕಾಶವೂ ಅಧಿಕಾರಿಗಳಿಗೆ ದೊರೆಯಿತು. ಹೆಸರು ಬದಲಾದರೆ ಖರ್ಚು ಬದಲಾಗುತ್ತದೆ ಎಂದಾಗ, ಹೆಸರಿನ ಆಯ್ಕೆಯು ವಾಸ್ತವದ ವರ್ಣನೆಯಾಗಿ ಉಳಿಯದೆ ಹೊಣೆಯ ನಿರ್ಣಯವಾಗುತ್ತದೆ. ಇದರ ಅತಿ ದಾರುಣ ಉದಾಹರಣೆ 1943ರ ಬಂಗಾಲ. ಲಕ್ಷಾಂತರ ಜನ ಸತ್ತರೂ ಅಲ್ಲಿಯ ಸರಕಾರವು ಕ್ಷಾಮ ಸಂಹಿತೆಯನ್ವಯ ಕ್ಷಾಮವನ್ನು ಸಾರಲೇ ಇಲ್ಲ.

ಆಣೆವಾರಿ: ಕೊರತೆಯ ಲೆಕ್ಕ

ಕ್ಷಾಮದ ಘೋಷಣೆ ಹಲವು ವರ್ಷಗಳಿಗೊಮ್ಮೆ ಬರುವ ಸಂಗತಿ. ಒಕ್ಕಲಿಗನಿಗೆ ಪ್ರತಿ ವರ್ಷವೂ ಎದುರಾಗುತ್ತಿದ್ದುದು ಆಣೆವಾರಿ. ರೂಪಾಯಿಯಲ್ಲಿ ಹದಿನಾರು ಆಣೆಯಿದ್ದ ಕಾಲದಲ್ಲಿ ಊರಿನ ಬೆಳೆಯ ಇಳುವರಿಯನ್ನು ಆಣೆಗಳಲ್ಲಿ ಅಂದಾಜು ಮಾಡುವ ಪದ್ಧತಿ ಇದು. ಮುಂಬಯಿ ಪ್ರಾಂತದ ನಿಯಮದಂತೆ ಬೆಳೆಯು ನಾಲ್ಕು ಆಣೆ ಅಥವಾ ಅದಕ್ಕಿಂತ ಕಡಿಮೆಯಾಗಿದ್ದರೆ ಆ ವರ್ಷದ ಕಂದಾಯದ ವಸೂಲಿಯನ್ನು ಪೂರ್ತಿಯಾಗಿ ಮುಂದೂಡುವಂತೆ ರೈತರು ಕೇಳಬಹುದಾಗಿತ್ತು. 1918ರ ಖೇಡಾ ಸತ್ಯಾಗ್ರಹದ ಮೂಲವಿವಾದವೇ ಬೆಳೆ ನಾಲ್ಕು ಆಣೆಗಿಂತ ಕಡಿಮೆಯೋ ಹೆಚ್ಚೋ ಎಂಬುದಾಗಿತ್ತು. ರೈತರು ಕಡಿಮೆಯೆಂದರು, ಅಧಿಕಾರಿಗಳು ಹೆಚ್ಚೆಂದರು. ಗುಜರಾತಿನ ಖೇಡಾ ಮತ್ತು ಕನ್ನಡದ ಗೋಕಾಕ ಎರಡೂ ಅಂದು ಒಂದೇ ಪ್ರಾಂತದ ಭಾಗಗಳಾಗಿದ್ದು, ಒಂದೇ ಕಂದಾಯ ವ್ಯವಸ್ಥೆಯ ಅಡಿಯಲ್ಲಿದ್ದವು.

ಆಣೆವಾರಿಯ ಭಾಷೆಯಲ್ಲಿ ಎರಡು ಸೂಕ್ಷ್ಮಗಳಿವೆ. ಒಂದನೆಯದಾಗಿ, ಅದು ಊರಿನ ಒಟ್ಟು ಬೆಳೆಯ ಸರಾಸರಿ. ಕಾಲುವೆಯ ಕೆಳಗಿನ ಹೊಲದ ಸಮೃದ್ಧಿ ದಿನ್ನೆಯ ಹೊಲದ ನಷ್ಟವನ್ನು ಲೆಕ್ಕದಲ್ಲಿ ಮುಚ್ಚಿಬಿಡಬಹುದು. ಎರಡನೆಯದಾಗಿ, ಅದು ಬೆಳೆದವನ ಲೆಕ್ಕವೇ ಹೊರತು ದುಡಿದವನ ಲೆಕ್ಕವಲ್ಲ. ಹೊಲವಿಲ್ಲದವನಿಗೆ ಆಣೆವಾರಿಯಲ್ಲಿ ಸ್ಥಾನವೇ ಇಲ್ಲ. ಬೆಳೆ ಕಡಿಮೆಯಾದ ವರ್ಷ ಕೊಯ್ಲಿನ ಕೂಲಿಯೂ ರಾಶಿಯ ಕಾಳೂ ಕಡಿಮೆಯಾಗುತ್ತವೆ; ಅದೇ ವೇಳೆ ಪೇಟೆಯಲ್ಲಿ ಜೋಳ ತುಟ್ಟಿಯಾಗುತ್ತದೆ. ಈ ಇಬ್ಬಗೆಯ ಪೆಟ್ಟನ್ನು ಹೇಳಲು ‘ಸ್ಕೇರ್ಸಿಟಿ’ಗೆ ಶಕ್ತಿಯಿಲ್ಲ.

ಅಮರ್ತ್ಯ ಸೇನರು 1981ರಲ್ಲಿ ಪ್ರಕಟಿಸಿದ ಬಡತನ ಮತ್ತು ಕ್ಷಾಮಗಳನ್ನು ಕುರಿತ ಗ್ರಂಥದಲ್ಲಿ ಪ್ರತಿಪಾದಿಸಿದ್ದು ಇದೇ ಅಂಶವನ್ನು. ಹಸಿವು ಎಂದರೆ ಆಹಾರ ಇಲ್ಲದಿರುವುದಲ್ಲ, ಕೆಲವು ಜನರಿಗೆ ಅದು ದಕ್ಕದಿರುವುದು ಎಂಬುದು ಅವರ ವಾದದ ತಿರುಳು. ಅರ್ಥಶಾಸ್ತ್ರವು ದೀರ್ಘವಾದ ವಿಶ್ಲೇಷಣೆಯಿಂದ ಕಂಡುಕೊಂಡ ಈ ವಿವೇಕವು ‘ದುರ್ಭಿಕ್ಷ’ ಎಂಬ ಪದದ ರಚನೆಯಲ್ಲಿಯೂ ‘ಸಾಲದು’ ಎಂಬ ಕ್ರಿಯಾಪದದ ವಿಭಕ್ತಿಯಲ್ಲಿಯೂ ಬೀಜರೂಪವಾಗಿ ಅಡಗಿರುವುದು ಉಲ್ಲೇಖನೀಯ.

ಸ್ವಾತಂತ್ರ್ಯಾನಂತರ: ಒಂದು ಪದದ ಉಚ್ಚಾಟನೆ

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಿಂದ ಬಂದು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಗಡಿಯ ಆಚೆ ಏಳು ವರ್ಷಗಳ ಬಳಿಕ ವಿಲಕ್ಷಣವಾದ ಘಟನೆಯೊಂದು ನಡೆಯಿತು. 1963ರಲ್ಲಿ ಮಹಾರಾಷ್ಟ್ರ ಶಾಸನಸಭೆಯು ರಾಜ್ಯದ ಕಾನೂನುಗಳಿಂದ ‘ಫ್ಯಾಮಿನ್’ ಎಂಬ ಪದವನ್ನು ತೆಗೆದುಹಾಕುವ ಅಧಿನಿಯಮವನ್ನೇ ಅಂಗೀಕರಿಸಿತು. ಕೃಷಿಯ ಪರಿಸ್ಥಿತಿಯನ್ನು ಸರಕಾರ ಸದಾ ಗಮನಿಸುತ್ತಿದ್ದು, ಕೊರತೆಯ ಚಿಹ್ನೆ ಕಂಡೊಡನೆ ನೆರವು ನೀಡುವುದರಿಂದ ಕ್ಷಾಮಕ್ಕೆ ಇನ್ನು ಆಸ್ಪದವಿಲ್ಲ ಎಂಬುದು ಅದರ ಹಿಂದಿನ ಸಮರ್ಥನೆ. ‘ಫ್ಯಾಮಿನ್’ ಇದ್ದೆಡೆಯಲ್ಲೆಲ್ಲ ‘ಸ್ಕೇರ್ಸಿಟಿ’ ಎಂದು ಓದಿಕೊಳ್ಳಬೇಕಾಯಿತು. ಮರಾಠಿಯಲ್ಲಿ ‘ದುಷ್ಕಾಳ’ದ ಬದಲು ‘ಟಂಚಾಯಿ’ ಎಂಬ ಪದವು ಸರಕಾರಿ ಭಾಷೆಯಲ್ಲಿ ಬಲಗೊಂಡಿತು.

ಈ ಅಧಿನಿಯಮವನ್ನು ಎರಡು ರೀತಿಯಲ್ಲಿ ಓದಬಹುದು. ಕ್ಷಾಮದಿಂದ ಯಾರೂ ಸಾಯಕೂಡದೆಂಬ ಸ್ವತಂತ್ರ ಸರಕಾರದ ಪ್ರತಿಜ್ಞೆಯಾಗಿ ಓದಬಹುದು. ಹೆಸರನ್ನು ಅಳಿಸಿ ಹೊಣೆಯನ್ನು ಹಗುರ ಮಾಡಿಕೊಂಡ ಕ್ರಮವಾಗಿಯೂ ಓದಬಹುದು. ಹತ್ತು ವರ್ಷಗಳೊಳಗೆ ಬಂದ 1972–73ರ ಬರವು ಇವೆರಡನ್ನೂ ಪರೀಕ್ಷೆಗೆ ಒಡ್ಡಿತು. ಮಹಾರಾಷ್ಟ್ರದಲ್ಲಿ 1973ರ ಬೇಸಿಗೆಯ ಹೊತ್ತಿಗೆ ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದವರ ಸಂಖ್ಯೆ ಸುಮಾರು 50 ಲಕ್ಷಕ್ಕೆ ಮುಟ್ಟಿತು. ಅಷ್ಟು ದೊಡ್ಡ ಸಂಕಟವನ್ನು ಕಾನೂನು ‘ಕೊರತೆ’ ಎಂದೇ ಕರೆಯಿತು. ಆದರೆ ಹಿಂದಿನ ಕ್ಷಾಮಗಳಂತೆ ಸಾಮೂಹಿಕ ಸಾವುಗಳು ಸಂಭವಿಸಲಿಲ್ಲ ಎಂಬುದನ್ನೂ ಅಷ್ಟೇ ನಿಷ್ಪಕ್ಷಪಾತವಾಗಿ ಹೇಳಬೇಕು. ಆ ಅನುಭವದಿಂದ ರೂಪುಗೊಂಡ ಉದ್ಯೋಗ ಖಾತರಿ ಯೋಜನೆಗೆ 1977ರಲ್ಲಿ ಕಾಯಿದೆಯ ಬಲ ದೊರೆಯಿತು. ಜೀವಗಳನ್ನು ಉಳಿಸಿದ್ದು ಪದದ ಬದಲಾವಣೆಯಲ್ಲ. ದುಡಿಮೆ ಮತ್ತು ಕೂಲಿ.

ಗಡಿಯ ಈಚೆ ಗೋಕಾಕ ಸೀಮೆಯಲ್ಲಿ ಕೊರತೆಗೆ ಉತ್ತರವೆಂದು ನೀರಾವರಿಯನ್ನು ನಂಬಲಾಯಿತು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಸುಮಾರು 51 ಟಿಎಂಸಿ ಅಡಿ ಸಾಮರ್ಥ್ಯದ ರಾಜಾ ಲಖಮಗೌಡ ಜಲಾಶಯವು 1977ರಲ್ಲಿ ಪೂರ್ಣಗೊಂಡಿತು. ಕಾಲುವೆ ಮುಟ್ಟಿದ ಊರುಗಳಲ್ಲಿ ಜೋಳದ ಜಾಗವನ್ನು ಕಬ್ಬು ಆಕ್ರಮಿಸಿತು. ಆದರೆ ಕಾಲುವೆಯ ಕೊನೆಯ ಭಾಗದ ಒಕ್ಕಲಿಗನಿಗೂ ಕಾಲುವೆಯೇ ಇಲ್ಲದ ಮಡ್ಡಿಯ ಒಕ್ಕಲಿಗನಿಗೂ ಯಾರಿಗೆ ಸಾಲದು ಎಂಬ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಉಳಿಯಿತು.

‘ಡಿಫಿಶಿಯಂಟ್’: ಪದದ ಹೊಸ ಅವತಾರ

ಇಪ್ಪತ್ತೊಂದನೆಯ ಶತಮಾನದಲ್ಲಿ ‘ಸ್ಕೇರ್ಸಿಟಿ’ಯ ಸ್ಥಾನವನ್ನು ಕೊರತೆಯುಳ್ಳ ಎಂಬ ಅರ್ಥದ ‘ಡಿಫಿಶಿಯಂಟ್’ ಎಂಬ ಪದವು ಬಹುಮಟ್ಟಿಗೆ ಪಡೆದಿದೆ. ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಂತೆ ಮಳೆಯು ವಾಡಿಕೆಗಿಂತ ಶೇ. 20ರಿಂದ 59ರಷ್ಟು ಕಡಿಮೆಯಾದರೆ ಅದು ‘ಡಿಫಿಶಿಯಂಟ್’, ಶೇ. 60ರಿಂದ 99ರಷ್ಟು ಕಡಿಮೆಯಾದರೆ ‘ಲಾರ್ಜ್ ಡಿಫಿಶಿಯಂಟ್’. 2016ರ ಆರಂಭದಲ್ಲಿ ಇಲಾಖೆಯು ಬರವನ್ನು ಸೂಚಿಸುವ ‘ಡ್ರೌಟ್’ ಎಂಬ ಪದವನ್ನು ತನ್ನ ಪರಿಭಾಷೆಯಿಂದ ಕೈಬಿಟ್ಟು, ಅಂತಹ ವರ್ಷವನ್ನು ‘ಡಿಫಿಶಿಯಂಟ್’ ವರ್ಷವೆಂದು ಕರೆಯತೊಡಗಿತು. ಮಳೆಯನ್ನು ಅಳೆಯುವ ಸಂಸ್ಥೆ ಮಳೆಯನ್ನು ಕುರಿತಷ್ಟೇ ಹೇಳುವುದು ವೈಜ್ಞಾನಿಕವಾಗಿ ಸರಿಯೇ. ಬರವನ್ನು ಸಾರುವ ಅಧಿಕಾರ ರಾಜ್ಯ ಸರಕಾರಗಳದು. ಆದರೆ 1963ರಲ್ಲಿ ಒಂದು ಪದ, 2016ರಲ್ಲಿ ಮತ್ತೊಂದು ಪದ ಸರಕಾರಿ ಭಾಷೆಯಿಂದ ನಿರ್ಗಮಿಸಿದ್ದನ್ನು ಇತಿಹಾಸಕಾರನು ಗಮನಿಸದಿರಲಾರ.

ಅದೇ 2016ರ ಮೇ 11ರಂದು ಸರ್ವೋಚ್ಚ ನ್ಯಾಯಾಲಯವು ಸ್ವರಾಜ್ ಅಭಿಯಾನ್ ಪ್ರಕರಣದ ತೀರ್ಪಿನಲ್ಲಿ, ಬರವನ್ನು ಒಪ್ಪಿಕೊಳ್ಳಲು ರಾಜ್ಯಗಳು ತೋರುವ ಹಿಂಜರಿಕೆಯನ್ನು ಟೀಕಿಸಿತು. ಬಿಹಾರ, ಗುಜರಾತ ಮತ್ತು ಹರಿಯಾಣಗಳ ವರ್ತನೆ ಅಲ್ಲಿ ಚರ್ಚೆಗೆ ಒಳಗಾಗಿತ್ತು. ಅದೇ ವರ್ಷ ಪರಿಷ್ಕೃತವಾದ ಕೇಂದ್ರದ ಬರ ನಿರ್ವಹಣಾ ಕೈಪಿಡಿಯು ಮಳೆಯ ಕೊರತೆ, ಒಣಹವೆಯ ಅವಧಿ, ಬಿತ್ತನೆಯ ವಿಸ್ತೀರ್ಣ, ತೇವಾಂಶ, ಉಪಗ್ರಹಗಳಿಂದ ಅಳೆದ ಹಸಿರಿನ ಸೂಚ್ಯಂಕ ಮುಂತಾದ ಮಾನದಂಡಗಳನ್ನು ಒಡ್ಡಿ, ಆಯ್ದ ಶೇ. 10ರಷ್ಟು ಹಳ್ಳಿಗಳಲ್ಲಿ ಸ್ಥಳಪರಿಶೀಲನೆ ನಡೆಸಬೇಕೆಂದು ವಿಧಿಸಿತು. ಬರ ‘ತೀವ್ರ’ವೆಂದು ಸಿದ್ಧವಾದಾಗ ಮಾತ್ರ ರಾಷ್ಟ್ರೀಯ ನಿಧಿಯ ನೆರವಿಗೆ ಅರ್ಹತೆ, ‘ಸಾಧಾರಣ’ವಾದರೆ ಇಲ್ಲ. ಕ್ಷಾಮ ಸಂಹಿತೆಯ ಏಣಿಯು ಹೊಸ ಮೆಟ್ಟಿಲುಗಳೊಡನೆ ಮರಳಿ ಬಂದಿತೆಂದು ಹೇಳಬಹುದು.

2023ರಲ್ಲಿ ಕರ್ನಾಟಕ ಸರಕಾರವು 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಿತು. ನೆರವಿನ ವಿಳಂಬದ ವಿರುದ್ಧ 2024ರ ಮಾರ್ಚಿಯಲ್ಲಿ ಅದು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ರಾಜ್ಯವು ಕೇಳಿದ್ದು 18 ಸಾವಿರ ಕೋಟಿ ರೂಪಾಯಿಗಳಿಗೂ ಹೆಚ್ಚು. ಏಪ್ರಿಲ್‌ನಲ್ಲಿ ಕೇಂದ್ರವು ಕೊಡಲೊಪ್ಪಿದ್ದು ಸುಮಾರು 3,400 ಕೋಟಿ. ಯಾವುದು ಸಾಕು, ಯಾವುದು ಸಾಲದು ಎಂಬ 1877ರ ವಿವಾದವು ಈಗ ಸರಕಾರಗಳ ನಡುವಿನ ವ್ಯಾಜ್ಯವಾಗಿ ನ್ಯಾಯಾಲಯದವರೆಗೆ ತಲುಪಿತು.

ಮಳೆಯ ಲೆಕ್ಕವೊಂದೇ ಬಾಳಿನ ಲೆಕ್ಕವಲ್ಲ ಎಂಬುದಕ್ಕೆ ಗೋಕಾಕದಲ್ಲಿಯೇ ಮತ್ತೊಂದು ನಿದರ್ಶನವಿದೆ. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣದ ಭಾಗಗಳೂ ದಂಡೆಯ ಹಳ್ಳಿಗಳೂ ಮುಳುಗಿದವು. ಮಳೆಯ ಪಟ್ಟಿಯಲ್ಲಿ ಅದು ಅಧಿಕ. ನೆನೆದು ಕೊಳೆತ ಬೆಳೆಯ ಒಡೆಯನಿಗೆ ಅದೂ ಒಂದು ಬರವೇ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ನಿಲುವುಗಳಿಗೆ ಬರಬಹುದಾಗಿದೆ. ‘ಸ್ಕೇರ್ಸಿಟಿ’ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಾಮಾನ್ಯ ನಾಮಪದವಾಗಿ ಉಳಿಯದೆ, ಸರಕಾರದ ಹೊಣೆಯನ್ನು ಅಳತೆ ಮಾಡುವ ಪಾರಿಭಾಷಿಕ ಪದವಾಯಿತು. ಕೊರತೆಯ ಹಂತದಲ್ಲಿಯೇ ನೆರವಿಗೆ ಧಾವಿಸುವಂತೆ ಮಾಡಿದ್ದು ಅದರ ಉಪಕಾರ. ಕೊರತೆಯ ಹೆಸರಿನಲ್ಲಿ ಹಸಿವನ್ನು ಕಾಣದಂತೆ ಮಾಡಿದ್ದು ಅದರ ಅಪಾಯ. ಈ ಎರಡೂ ಮುಖಗಳನ್ನು ಒಟ್ಟಿಗೆ ನೋಡದೆ ಬರಗಾಲಗಳ ಇತಿಹಾಸವನ್ನು ಬರೆಯಲಾಗದು.

ಇದರಿಂದ ಸಂಶೋಧಕರಿಗೆ ಒದಗುವ ಎಚ್ಚರಿಕೆಗಳೂ ಇವೆ. ಹಳೆಯ ಕಡತವೊಂದರಲ್ಲಿ ಒಂದು ವರ್ಷವನ್ನು ‘ಸ್ಕೇರ್ಸಿಟಿ’ ಎಂದು ದಾಖಲಿಸಿದ ಮಾತ್ರಕ್ಕೆ ಆ ವರ್ಷ ಜನ ಸಾಯಲಿಲ್ಲವೆಂದು ತೀರ್ಮಾನಿಸುವಂತಿಲ್ಲ. ಆ ದಾಖಲೆಯನ್ನು ಜನಗಣತಿ, ಜನನ ಮರಣಗಳ ಲೆಕ್ಕ, ಪೇಟೆಯ ಧಾರಣೆ, ಆಣೆವಾರಿ ಪತ್ರಕ ಹಾಗೂ ಊರಿನ ನೆನಪುಗಳೊಡನೆ ತಾಳೆ ನೋಡಬೇಕು. ಅಂತೆಯೇ ಇಂತಹ ದಾಖಲೆಗಳನ್ನು ಕನ್ನಡಕ್ಕೆ ತರುವಾಗ ‘ಸ್ಕೇರ್ಸಿಟಿ’ಯನ್ನು ಎಲ್ಲೆಡೆಯೂ ‘ಅಭಾವ’ ಎಂದೋ ‘ಬರ’ ಎಂದೋ ಯಾಂತ್ರಿಕವಾಗಿ ಅನುವಾದಿಸುವುದು ಸಲ್ಲದು. ಅದು ದರ್ಜೆಯಾಗಿ ಬಳಕೆಯಾದೆಡೆ ‘ಕೊರತೆಯ ದರ್ಜೆ’ ಎಂದು ಬೇರ್ಪಡಿಸಿ ತೋರಿಸುವುದು ಒಳ್ಳೆಯದು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳೆಯ ಹಳ್ಳಿ ದಫ್ತರಗಳು, ಹಗೇವುಗಳ ಕುರುಹುಗಳು, ಬರದ ಹಾಡು ಮತ್ತು ಹೇಳಿಕೆಗಳು ಈ ದೃಷ್ಟಿಯಿಂದ ಸಂಗ್ರಹಕ್ಕೆ ಯೋಗ್ಯವಾಗಿವೆ. ಧಾತು–ಈಶ್ವರ ಬರವನ್ನು ಕಂಡವರ ಮೊಮ್ಮಕ್ಕಳಿಂದ ಕೇಳಿ ತಿಳಿದಿರುವ ಹಿರಿಯರು ಇನ್ನೂ ಕೆಲವರು ಇರುವಾಗಲೇ ಈ ಕಾರ್ಯ ನಡೆಯುವುದು ಅಗತ್ಯ.

ಅಳತೆಗಳು ಬೇಡವೆಂದು ಯಾರೂ ಹೇಳಲಾರರು. ಅಳತೆಯಿಲ್ಲದೆ ನೆರವಿಲ್ಲ. ಆದರೆ ಯಾವುದರ ಕೊರತೆ, ಎಷ್ಟು ಕೊರತೆ ಎಂಬ ಲೆಕ್ಕ ಮುಗಿದ ಮೇಲೆಯೂ ಯಾರಿಗೆ ಸಾಲದು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಬರಗಾಲದ ಇತಿಹಾಸವನ್ನು ಬರೆಯುವವರು ಮೊದಲು ಕೇಳಬೇಕಾದದ್ದು ಆ ಪ್ರಶ್ನೆಯನ್ನೇ.